ತವರಿಗೆ ಕೊಡಬೇಕಾದ ತಟ್ಟು

ಕುಳ್ಳಮ್ಮನ ಕೊಟ್ಟಿಗೆಯ ಗೋಡೆಯಲ್ಲಿದ್ದ ಜೇನು ಎದುರುಮನೆಯ ಪುಟ್ಟಮಲ್ಲಮ್ಮನ ಮನೆಯಿಂದ ಮದುವೆಯಾಗಿ ಬಂದದ್ದು. ಹಾಗೆಂದರೆ ಆ ಬೀದಿಯಲ್ಲಿ ಯಾರೂ ನಗುತ್ತಿರಲಿಲ್ಲ. ಕಟ್ಟೆಮಳಲವಾಡಿಯನ್ನು ದಾಟಿ ಹೊಳೆಯ ದಂಡೆ ಹಿಡಿದು ನಡೆದರೆ ಸಿಗುವ ಸಣ್ಣ ಊರು ಅದು. ಅಲ್ಲಿ ಮಣ್ಣಿನ ಗೋಡೆ ಎಬ್ಬಿಸುವಾಗಲೇ ಒಂದು ಮಡಕೆಯನ್ನು ಅಡ್ಡಲಾಗಿ ಹುದುಗಿಸಿಬಿಡುತ್ತಿದ್ದರು. ಮಡಕೆಯ ತಳ ಬೀದಿಯ ಕಡೆಗೆ, ಬಾಯಿ ಮನೆಯ ಒಳಗೆ. ತಳಕ್ಕೆ ಕಿರುಬೆರಳು ತೂರುವಷ್ಟು ತೂತು ಕೊರೆದು, ಒಳಗಿನ ಬಾಯಿಗೆ ಹಲಗೆ ಮುಚ್ಚಿ ಸಗಣಿ ಮೆತ್ತಿದರೆ ಗೂಡು ಆಯಿತು. ಮಿಕ್ಕದ್ದು ಹುಳದ ಇಷ್ಟ.

ತುಂಬಿದ ಗೂಡಿನಿಂದ ಒಂದು ಹಿಂಡು ಒಡೆದು ಹೊರಟು ಇನ್ನೊಬ್ಬರ ಮನೆಯ ಮಡಕೆಯಲ್ಲಿ ಕೂತರೆ, ಅದನ್ನು ತಿರುಗಿ ಕೇಳುವ ಹಾಗಿರಲಿಲ್ಲ. ಮಗಳನ್ನು ಕೊಟ್ಟ ಹಾಗೆ ಲೆಕ್ಕ. ಕೊಟ್ಟ ಮನೆ ತವರು, ಬಂದ ಮನೆ ಗಂಡನ ಮನೆ, ಎರಡೂ ಮನೆಯ ಹೆಂಗಸರು ಅಂದಿನಿಂದ ಬೀಗಿತ್ತಿಯರು. ಇದಕ್ಕೆಲ್ಲ ಇದ್ದದ್ದು ಒಂದೇ ಕಟ್ಟಳೆ. ಪ್ರತಿ ವರ್ಷ ಕುಯ್ದ ಮೊದಲ ಜೇನುತಟ್ಟು ತವರಿಗೆ ಹೋಗಬೇಕು. ಅಲ್ಲಿಯವರು ಬಾಯಿಗಿಟ್ಟ ಮೇಲೆಯೇ ಮಿಕ್ಕವರ ನಾಲಿಗೆಗೆ. ತಟ್ಟೆ ಹೊತ್ತುಕೊಂಡು ಹೋದವಳನ್ನು ತವರು ಬರಿದೇ ಕಳಿಸುತ್ತಿರಲಿಲ್ಲ.

ಹಿಂಡು ಬಂದು ಕೂತ ದಿನ ಕುಳ್ಳಮ್ಮ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಆಕಾಶವೇ ಗುಂಯ್‌ಗುಟ್ಟಿದಂತಾಗಿ ಹೊರಗೆ ಬಂದರೆ, ಅತ್ತೆ ಬದುಕಿದ್ದಾಗ ಇಡಿಸಿದ್ದ ಖಾಲಿ ಮಡಕೆಯ ತೂತಿಗೆ ಹುಳಗಳು ಮುಗಿಬಿದ್ದಿದ್ದವು. ಎದುರಿನ ಜಗಲಿಯಲ್ಲಿ ಪುಟ್ಟಮಲ್ಲಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ದನಿ ದೊಡ್ಡದು, ನಗು ಅದಕ್ಕಿಂತ ದೊಡ್ಡದು ಆ ಹೆಂಗಸಿಗೆ.

"ಏನವ್ವಾ ಬೀಗಿತ್ತಿ, ನಮ್ಮೆಣ್ಣು ನಿಮ್ಮನೆ ಹೊಸ್ತಿಲು ತುಳೀತಲ್ಲ! ಸಂದಾಕೆ ನೋಡ್ಕತ್ತೀಯೋ ಇಲ್ವೋ?"

ಕುಳ್ಳಮ್ಮ ಸೆರಗನ್ನು ಹಲ್ಲಲ್ಲಿ ಕಚ್ಚಿ, "ಊಂ ಕಣಕ್ಕ" ಎಂದಳು.

"ಊಂ ಅಂತೆ! ಮಾತಾಡಿದ್ರೆ ಬಾಯಿ ಸವೀತದಾ ನಿಂಗೆ? ಎಣ್ಣು ಕೊಟ್ಟೋಳು ನಾನು, ಬಾಯ್ತುಂಬ ಬಾ ಅಂತ ಕರೀಬಾರ್ದಾ?" ಎಂದು ಬೈಯುತ್ತಲೇ ಪುಟ್ಟಮಲ್ಲಮ್ಮ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬೀದಿ ದಾಟಿ ಬಂದಿದ್ದಳು.

ಜೇನು ಸಾಕುವುದನ್ನು ಕುಳ್ಳಮ್ಮ ಕಲಿತದ್ದು ಅವಳಿಂದಲೇ. ಒಣಗಿದ ಬೆರಣಿಯ ಹೊಗೆಯನ್ನು ಎಷ್ಟು ಮೆಲ್ಲಗೆ ಊದಬೇಕು, ಮರಿಯಿರುವ ತಟ್ಟನ್ನು ಮುಟ್ಟದೆ ಮೇಲಂಚಿನ ಜೇನುತುಪ್ಪದ ತಟ್ಟನ್ನು ಹೇಗೆ ಕುಯ್ಯಬೇಕು, ಹುಳಕ್ಕೆ ಅದರ ಪಾಲನ್ನು ಎಷ್ಟು ಬಿಡಬೇಕು, ಎಲ್ಲವನ್ನೂ ಅವಳು ಕೈಹಿಡಿದು ತೋರಿಸಿದಳು. ಕಚ್ಚಿಸಿಕೊಂಡು ಕಣ್ಣು ಊದಿದ ದಿನ ಸುಣ್ಣ ಹಚ್ಚಿ, "ಸೊಸೆ ಬಂದ್ಮೇಲೆ ಅತ್ತೆ ವಸಿ ಕಚ್ಚಿಸ್ಕಬೇಕು ಕಣೆ, ತಡ್ಕೊ" ಎಂದು ನಕ್ಕಳು.

ಮಿಕ್ಕದ್ದನ್ನು ಕುಳ್ಳಮ್ಮ ನೋಡಿ ನೋಡಿ ಕಲಿತಳು. ಮಾತು ಕಡಿಮೆಯಿದ್ದವಳಿಗೆ ನೋಡಲು ಬಿಡುವು ಹೆಚ್ಚು. ಹೊಲದಲ್ಲಿ ಹುಚ್ಚೆಳ್ಳು ಹೂಬಿಟ್ಟಾಗ ಹುಳಗಳು ಕಾಲಿಗೆ ಅರಿಶಿನ ಬಳಿದುಕೊಂಡ ಮದುವಣಗಿತ್ತಿಯರ ಹಾಗೆ ಬಂದಿಳಿಯುತ್ತಿದ್ದವು. ಹಾಲು ಕರೆಯುವ ಮೊದಲು ಹಲಗೆಗೆ ಕಿವಿಯಿಟ್ಟರೆ ಒಳಗಿನಿಂದ ತೊಟ್ಟಿಲ ಹಾಡಿನಂಥ ಸದ್ದು. ಸೆಕೆಯ ದಿನ ತೂತಿನ ಬಾಯಲ್ಲಿ ಸಾಲಾಗಿ ನಿಂತು ರೆಕ್ಕೆ ಬೀಸಿ ಮನೆಗೆ ಗಾಳಿ ಹಾಕುವ ಹುಳಗಳನ್ನು ಕಂಡು ಅವಳು ಒಬ್ಬಳೇ ನಗುತ್ತಿದ್ದಳು. ಮಗಳು ಸುನಂದಮ್ಮನನ್ನು ಎಡತೊರೆ ಕಡೆಗೆ ಮದುವೆ ಮಾಡಿ ಕಳಿಸಿದ ಮೇಲೆ ಮನೆಯಲ್ಲಿ ಸದ್ದೆಂದರೆ ಅದೊಂದೇ ಆಗಿತ್ತು.

ಒಂದು ವರ್ಷ ಮುಂಗಾರು ಕೈಕೊಟ್ಟಿತು. ಪುಟ್ಟಮಲ್ಲಮ್ಮನ ಗೋಡೆಯ ಗೂಡಿಗೆ ಕಟ್ಟಿರುವೆ ಹತ್ತಿ, ಹುಳಗಳೆಲ್ಲ ಒಂದು ಬೆಳಿಗ್ಗೆ ಎದ್ದು ಹೋದವು. ಅವಳು ಮಡಕೆಯನ್ನು ಒಳಗಿನಿಂದ ತೊಳೆದು, ಹಳೆಯ ಮೇಣವನ್ನು ಕರಗಿಸಿ ಸವರಿ, ಹಲ್ಲಿ ಸೇರದಿರಲೆಂದು ಹೊರಗಿನ ತೂತಿಗೆ ಒಂದು ಹಿಡಿ ಮಣ್ಣು ಮೆತ್ತಿದಳು. "ಬರೋ ಕಾಲಕ್ಕೆ ತೆಗೀತೀನಿ ಬುಡು. ಈಗ ನನ್ನ ಮಗಳ ಮನೆ ತಟ್ಟೇ ನಂಗೆ ಗತಿ ಕಣೆ" ಎಂದು ಕುಳ್ಳಮ್ಮನಿಗೆ ಹೇಳಿ ನಕ್ಕಳು. ಆ ಸಲ ನಗು ಪೂರ್ತಿ ಬಂದಿರಲಿಲ್ಲ.

ಹುಚ್ಚೆಳ್ಳು ಹೂವು ಮುಗಿದ ಮೇಲೆ ಕುಳ್ಳಮ್ಮ ಹಲಗೆ ತೆಗೆದಳು. ಸಿಕ್ಕಿದ್ದು ಅಂಗೈಯಗಲದ ಒಂದೇ ತಟ್ಟು. ಮಿಕ್ಕದ್ದಕ್ಕೆ ಕೈ ಹಾಕಿದರೆ ಹುಳ ಉಪವಾಸ ಬೀಳುತ್ತಿತ್ತು. ಸಿಕ್ಕಿದ್ದನ್ನೇ ಬಾಳೆಲೆಯ ತುಂಡಿನ ಮೇಲಿಟ್ಟು, ಕಂಚಿನ ತಟ್ಟೆಯಲ್ಲಿ ಅರಿಶಿನ ಕುಂಕುಮದ ಜೊತೆ ಮಡಗಿದಳು. ಸ್ನಾನ ಮಾಡಿ ಮಡಿಸೀರೆ ಉಟ್ಟು ಹೋಗೋಣವೆಂದುಕೊಂಡಳು. ಅಷ್ಟು ಹೊತ್ತಿಗೆ ಬಾಗಿಲಲ್ಲಿ ಗಾಡಿ ನಿಂತಿತು.

ಬಂದವನು ಬೀಗ ಸಣ್ಣಬೀರಯ್ಯ, ಸುನಂದಮ್ಮನ ಮಾವ. ನಾಲೆಯ ನೀರು ಕಂಡು, ಭತ್ತ ಬೆಳೆದು, ದಿನವೂ ಅನ್ನ ಉಣ್ಣುವ ಊರಿನವನು. ಅವನೆದುರು ರಾಗಿಮುದ್ದೆ ಇಡಬೇಕಲ್ಲ ಎಂಬ ಸಂಕಟ ಕುಳ್ಳಮ್ಮನ ಗಂಡ ಕೆಂಪಯ್ಯನಿಗೆ ಯಾವಾಗಲೂ. ಒಳಗೆ ಬಂದು ಅಡುಗೆಮನೆಯಲ್ಲಿ ಅತ್ತಿತ್ತ ಕಣ್ಣಾಡಿಸಿದವನಿಗೆ ತಟ್ಟೆ ಕಂಡಿತು.

"ಅದ್ಯಾನೇ ಅದು? ಜೇನಾ?"

"ಅದು... ಎದುರುಮನೆಗೆ."

"ಎದುರುಮನೆ ಎಲ್ಲಿಗೆ ಓಡೋಯ್ತದೆ? ಬೀಗ್ರು ದಿನಾ ಬಂದಾರಾ? ನಾಳೆ ಕುಯ್ದು ಕೊಡು ಬುಡು ಅವ್ರಿಗೆ."

ನಾಳೆ ಕುಯ್ಯಲು ಗೂಡಿನಲ್ಲಿ ಏನೂ ಇರಲಿಲ್ಲ. ಅದನ್ನು ಕುಳ್ಳಮ್ಮ ಹೇಳಲಿಲ್ಲ. ಮೊದಲ ತಟ್ಟು ಹೊರಗಿನವರ ಬಾಯಿಗೆ ಬೀಳಬಾರದು ಎಂಬುದನ್ನೂ ಹೇಳಲಿಲ್ಲ. ಗಂಡಸರಿಗೆ ಅದೆಲ್ಲ ಹೆಂಗಸರಾಟ. ಹೇಳಿದ್ದರೆ ಗಂಡ ಒಂದು ಮಾತು ಬೈಯುತ್ತಿದ್ದ, ಅಷ್ಟೇ. ಅವಳು ಪಕ್ಕಕ್ಕೆ ಸರಿದು ನಿಂತಳು, ತಟ್ಟೆ ಜಗಲಿಗೆ ಹೋಯಿತು.

ಸಣ್ಣಬೀರಯ್ಯ ರೊಟ್ಟಿಗೆ ಜೇನು ಹಚ್ಚಿ ತಿಂದು, ಮೇಣವನ್ನು ಅಗಿದು ಉಗುಳಿ, ಬೆರಳು ನೆಕ್ಕುತ್ತ, "ನಮ್ಮ ಕಡೆ ಭತ್ತ ಐತೆ, ಈ ರುಚಿ ಇಲ್ಲ ಕಣ್ರೀ" ಎಂದ. ಕೆಂಪಯ್ಯನ ಮುಖ ಊರಗಲವಾಯಿತು. ಸರಿಯಾಗಿ ಆಗಲೇ ಪುಟ್ಟಮಲ್ಲಮ್ಮ ಒಂದು ಚೊಂಬು ಮಜ್ಜಿಗೆ ಹಿಡಿದು ಮೆಟ್ಟಿಲ ಹತ್ತಿರ ಬಂದು ನಿಂತಳು. ಅವಳ ಕಣ್ಣು ಬೀಗನ ಬೆರಳಿಗೆ ಹೋಯಿತು, ಕಂಚಿನ ತಟ್ಟೆಗೆ ಹೋಯಿತು, ತಟ್ಟೆಯ ಅಂಚಿನಲ್ಲಿದ್ದ ಅರಿಶಿನ ಕುಂಕುಮಕ್ಕೂ ಹೋಯಿತು. ಅದು ಯಾರಿಗೆಂದು ಸಿಂಗರಿಸಿದ ತಟ್ಟೆಯೆಂದು ಅವಳಿಗೆ ತಿಳಿಯದೇ ಇರಲಿಲ್ಲ.

ಒಂದು ಮಾತು ಸಾಕಿತ್ತು. ನಿಮಗೇ ಅಂತ ಕುಯ್ದಿದ್ದೆ ಕಣಕ್ಕ, ಹಿಂಗಾಗೋಯ್ತು, ಎಂದಿದ್ದರೆ ಪುಟ್ಟಮಲ್ಲಮ್ಮ ಬೈದು, ತಲೆಗೊಂದು ಮೊಟಕಿ, ಅಲ್ಲಿಗೇ ನಕ್ಕು ಮುಗಿಸುತ್ತಿದ್ದಳು. ಕುಳ್ಳಮ್ಮ ನೆಲ ನೋಡಿದಳು.

"ನೆಂಟ್ರು ಬಂದವ್ರೆ, ಮಜ್ಜಿಗೆ ಇರ್ಲಿ ಅಂತ ತಂದೆ. ತಕ್ಕೊ" ಎಂದು ಚೊಂಬನ್ನು ಮೆಟ್ಟಿಲ ಮೇಲಿಟ್ಟು ಪುಟ್ಟಮಲ್ಲಮ್ಮ ಹೊರಟುಹೋದಳು. ಬೀಗಿತ್ತಿ ಎಂಬ ಮಾತು ಅಂದಿಗೆ ನಿಂತಿತು.

ನಾಳೆ ಹೋಗಿ ಹೇಳೋಣ ಎಂದುಕೊಂಡಳು ಕುಳ್ಳಮ್ಮ. ನಾಳೆಗೆ ಮುಖ ಎತ್ತಲಾಗಲಿಲ್ಲ. ಬರಿಗೈಯಲ್ಲಿ ಹೇಗೆ ಹೋಗುವುದು, ಹೊಂಗೆ ಹೂಬಿಡಲಿ, ತಟ್ಟೆ ತುಂಬ ಹೊತ್ತುಕೊಂಡೇ ಹೋಗುತ್ತೇನೆ ಎಂದು ಸಮಾಧಾನ ಮಾಡಿಕೊಂಡಳು. ಹೊಂಗೆ ಹೂಬಿಟ್ಟಿತು, ಗೂಡೂ ತುಂಬಿತು. ದೊಡ್ಡ ತಟ್ಟೊಂದನ್ನು ಕುಯ್ದು ಸೆರಗಿನ ಮರೆಯಲ್ಲಿ ಹಿಡಿದು ಎದುರುಮನೆಯ ಹೊಸ್ತಿಲ ತನಕ ಹೋದಳು. ಒಳಗೆ ಪುಟ್ಟಮಲ್ಲಮ್ಮನ ಗಂಡ ಚಲುವಯ್ಯ ಕೇಳುತ್ತಿದ್ದ: "ಯಾಕಮ್ಮಿ, ಈ ವರ್ಸ ಜೇನೇ ಕಾಣ್ನಿಲ್ವಲ್ಲ ನಿನ್ನ ಮಗಳ ಮನೇದು?"

"ಮೊದಲ್ನೇದು ಆಗ್ಲೇ ಒಬ್ರ ಬಾಯಿಗೆ ಓಗದೆ. ಇನ್ನು ಬರೋದೆಲ್ಲ ಎಂಜಲು. ಎಂಜಲು ತಟ್ಟು ತವರಿಗೆ ಬ್ಯಾಡ" ಎಂದಳು ಪುಟ್ಟಮಲ್ಲಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕುಳ್ಳಮ್ಮ ಒಳಗೆ ಹೋಗುತ್ತಿದ್ದಳೋ ಏನೋ. ಬಂದ ಕಾಲಲ್ಲೇ ಹಿಂದಕ್ಕೆ ಹೋದಳು.

ಮುಂದಿನ ಆಷಾಢದಲ್ಲಿ ಕೆಂಪಯ್ಯ ಚಳಿಜ್ವರ ಹಿಡಿದು ಮಲಗಿದವನು ಏಳಲಿಲ್ಲ. ಸಾವಿನ ಮನೆಗೆ ಪುಟ್ಟಮಲ್ಲಮ್ಮ ಬಂದಳು. ನೀರು ಹೊತ್ತಳು, ಪಾತ್ರೆ ಬೆಳಗಿದಳು, ಹಸುವಿಗೆ ಹುಲ್ಲು ಹಾಕಿದಳು. ಹೊಳೆಯ ದಂಡೆಯಲ್ಲಿ ಬಳೆ ಒಡೆದು ಕುಳ್ಳಮ್ಮನ ಕೈ ಬರಿದಾದಾಗ ಎಲ್ಲ ಹೆಂಗಸರಿಗಿಂತ ಹೆಚ್ಚು ಅತ್ತವಳು ಅವಳೇ. ಕೆಲಸವೆಲ್ಲ ಮುಗಿದ ಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ತನ್ನ ಮನೆಗೆ ಹೋದಳು. ಆಗಲೂ ಇಬ್ಬರ ನಡುವೆ ಮಾತು ಹುಟ್ಟಲಿಲ್ಲ. ದಾಟಲು ನಾಲ್ಕು ಹೆಜ್ಜೆಯಿದ್ದ ಬೀದಿ ಹೊಳೆಯಷ್ಟು ಅಗಲವಾಗಿ ಮಲಗಿತ್ತು.

ಮತ್ತೊಂದು ಬೇಸಿಗೆ ಬಂತು. ಬೇಲಿಯ ಹೊಂಗೆಗಳೆಲ್ಲ ಹೂಬಿಟ್ಟು ಕುಳ್ಳಮ್ಮನ ಗೂಡು ತುಂಬಿ ತುಳುಕಿತು. ಸಂಜೆಯಾದರೆ ಒಳಗೆ ಜಾಗ ಸಾಲದೆ ಹುಳಗಳು ತೂತಿನ ಹೊರಗೆ ಗಡ್ಡದ ಹಾಗೆ ಜೋತುಬೀಳುತ್ತಿದ್ದವು. ಹಿಂಡು ಒಡೆಯುತ್ತದೆಂದು ಅವಳಿಗೆ ತಿಳಿಯಿತು. ಹಿಂಡು ಹೊರಡುವ ಮೊದಲು ಕೆಲವು ಹುಳ ಮನೆ ಹುಡುಕಲು ಹೋಗುತ್ತವೆ. ಎಲ್ಲಿಗೆ ಹೋಗುತ್ತವೆಂದು ಅವಳು ರಾಗಿ ಕೇರುತ್ತ ಜಗಲಿಯಲ್ಲಿ ಕೂತು ನೋಡಿದಳು.

ಅವು ನೇರವಾಗಿ ಬೀದಿ ದಾಟಿದವು.

ಪುಟ್ಟಮಲ್ಲಮ್ಮನ ಗೋಡೆಯಲ್ಲಿ ತೂತಿಗೆ ಮೆತ್ತಿದ್ದ ಮಣ್ಣು ಬಿಸಿಲಿಗೆ ಬಿರುಕು ಬಿಟ್ಟಿತ್ತು. ಒಂದು ಹುಳ ನುಸುಳುವಷ್ಟು ಬಿರುಕು. ಒಳಗಿನ ಹಳೆಯ ಮೇಣದ ವಾಸನೆ ಹಿಡಿದು ಹುಳಗಳು ಒಂದೊಂದಾಗಿ ಒಳಹೊಕ್ಕು, ಹೊರಬಂದು, ಗೋಡೆಯೆದುರು ಕುಣಿದು ಮತ್ತೆ ಒಳಹೊಗುತ್ತಿದ್ದವು. ಕುಳ್ಳಮ್ಮನ ಕೈಯಲ್ಲಿ ಮೊರ ನಿಂತುಹೋಯಿತು. ಮಗಳ ಮನೆಯ ಹಿಂಡು ತವರಿನ ಗೂಡಿಗೇ ತಿರುಗಿ ಬರುವುದನ್ನು ಹಳಬರು ಬಾಣಂತನಕ್ಕೆ ಬಂದಳು ಎನ್ನುತ್ತಿದ್ದರು. ಹಾಗೆ ಬಂದರೆ ಎರಡು ಮನೆಯ ನಡುವೆ ಏನೇ ಇದ್ದರೂ ಅಳಿಸಿಹೋಗುತ್ತಿತ್ತು. ಹೊಸ ಸಂಸಾರಕ್ಕೆ ಎಂಜಲಿಲ್ಲ.

ಹೋಗಿ ಹೇಳಬೇಕು. ಅಕ್ಕ, ಆ ಮಣ್ಣು ತೆಗೀರಿ, ಹುಳ ಬತ್ತಾ ಅವೆ. ಇಷ್ಟೇ ಮಾತು. ಅದನ್ನು ಅವಳು ಬಾಯೊಳಗೇ ಎಷ್ಟೋ ಸಲ ಹೇಳಿ ನೋಡಿಕೊಂಡಳು. ಮೊದಲ ದಿನ ಪುಟ್ಟಮಲ್ಲಮ್ಮ ಹೊಲಕ್ಕೆ ಹೋಗಿದ್ದಳು. ಮರುದಿನ ಚಲುವಯ್ಯ ಜಗಲಿಯಲ್ಲೇ ಕೂತಿದ್ದ, ಗಂಡಸಿನೆದುರು ಹೇಗೆ ಹೋಗುವುದು? ಅದರ ಮರುದಿನ ಪುಟ್ಟಮಲ್ಲಮ್ಮ ಬಾಗಿಲಲ್ಲೇ ನಿಂತಿದ್ದಳು. ಕುಳ್ಳಮ್ಮ ಎದ್ದು ಬೀದಿಗಿಳಿದಳು. ಅವಳನ್ನು ಕಂಡದ್ದಕ್ಕೋ, ಒಲೆಯ ಮೇಲೆ ಏನೋ ಉಕ್ಕಿದ್ದಕ್ಕೋ, ಪುಟ್ಟಮಲ್ಲಮ್ಮ ತಟ್ಟನೆ ಒಳಗೆ ತಿರುಗಿದಳು. ನನ್ನ ಮುಖ ನೋಡಲೂ ಬೇಡವಾಯಿತು ಎಂದುಕೊಂಡು ಕುಳ್ಳಮ್ಮ ನಡುಬೀದಿಯಿಂದ ಹಿಂದಿರುಗಿದಳು. ಹುಳಗಳೇ ಕಾಣಿಸಿಕೊಳ್ಳುತ್ತವೆ ಬಿಡು, ಅವಳ ಕಣ್ಣಿಗೂ ಬೀಳುತ್ತವೆ ಎಂದು ತನಗೆ ತಾನೇ ಹೇಳಿಕೊಂಡಳು.

ಯುಗಾದಿ ಹತ್ತಿರವಾಗಿತ್ತು. ಊರಿನ ಹೆಂಗಸರೆಲ್ಲ ಗೋಡೆ ಸಾರಿಸುವ ಕೆಲಸದಲ್ಲಿದ್ದರು. ಮಧ್ಯಾಹ್ನದ ಮೇಲೆ, ಹುಳಗಳ ಓಡಾಟ ಕಡಿಮೆಯಾದ ಹೊತ್ತಿನಲ್ಲಿ, ಪುಟ್ಟಮಲ್ಲಮ್ಮ ಕೆಮ್ಮಣ್ಣು ಸಗಣಿ ಕಲಸಿದ ಬುಟ್ಟಿ ತಂದು ಬೀದಿಯ ಗೋಡೆಗೆ ನಿಂತಳು. ಒಂದು ಕಡೆಯಿಂದ ಅಂಗೈಯಲ್ಲಿ ಬಳಿಯುತ್ತ ಬಂದಳು. ಕುಳ್ಳಮ್ಮ ಜಗಲಿಯ ಕಂಬ ಹಿಡಿದು ನಿಂತು ನೋಡಿದಳು. ಬಾಗಿಲ ಪಕ್ಕ ಆಯಿತು, ಗೋಡೆಯಿಂದ ಚಾಚಿದ್ದ ಗಿಣಿಗೂಟ ಆಯಿತು, ಕೈ ಆ ಬಿರುಕಿನ ಕಡೆಗೇ ಬಂತು.

"ಅಕ್ಕ" ಎಂದಳು ಕುಳ್ಳಮ್ಮ.

ಅಷ್ಟು ದಿನ ಬಳಸದ ದನಿ, ಉಸಿರಿಗಿಂತ ಹೆಚ್ಚು ಹೊರಡಲಿಲ್ಲ. ಪುಟ್ಟಮಲ್ಲಮ್ಮ ಬೆನ್ನು ತಿರುಗಿಸಿದ್ದಳು, ಕೇಳಿಸಲಿಲ್ಲ. ಒದ್ದೆ ಕೈ ಬಿರುಕಿನ ಮೇಲೆ ಒಂದು ಸಲ ಬಂತು, ಇನ್ನೊಂದು ಸಲ ನುಣ್ಣಗೆ ಬಂತು, ಮುಂದಕ್ಕೆ ಹೋಯಿತು. ಗೋಡೆ ಹೊಸ ಮಡಕೆಯ ಹಾಗೆ ಹೊಳೆಯಿತು. ಕುಳ್ಳಮ್ಮ ಮತ್ತೆ ಕೂಗಲಿಲ್ಲ. ಒದ್ದೆ ಮಣ್ಣು, ಈಗ ಹೇಳಿದರೂ ಬೆರಳಿನಿಂದ ತೆಗೆಯಬಹುದಿತ್ತು. ಬೆಳಿಗ್ಗೆ ಹೇಳುತ್ತೇನೆ ಎಂದುಕೊಂಡು ಒಳಗೆ ಹೋದಳು.

ಬೆಳಿಗ್ಗೆ ಬಿಸಿಲು ಏರುತ್ತಿದ್ದ ಹಾಗೆ ಹಿಂಡು ಎದ್ದಿತು.

ಕೊಟ್ಟಿಗೆಯ ತೂತಿನಿಂದ ಹುಳ ನೀರು ಸುರಿದಂತೆ ಸುರಿದವು. ಬೀದಿಯ ಮೇಲೆ ಒಂದು ಕಪ್ಪು ಬಲೆ ಬೀಸಿದಂತಾಯಿತು. ಕೋಳಿಗಳು ರಾಗಿ ಕಣಜದ ಕೆಳಗೆ ನುಗ್ಗಿದವು. ಹಿಂಡು ಬೇಲಿಯ ಹೊಂಗೆಕೊಂಬೆಯಲ್ಲಿ ಒಂದಿಷ್ಟು ಹೊತ್ತು ಗೊಂಚಲುಗಟ್ಟಿ, ಮತ್ತೆ ಬಿಚ್ಚಿಕೊಂಡು ಎದುರುಮನೆಯ ಗೋಡೆಗೆ ಬಂತು. ಬಂದು ಹುಡುಕಿತು. ಸಾವಿರ ಹುಳ ಆ ನುಣುಪು ಕೆಮ್ಮಣ್ಣಿನ ಮೇಲೆ ಹರಿದಾಡಿದವು. ಅಲ್ಲೇ ಇತ್ತಲ್ಲ ಬಾಗಿಲು ಎನ್ನುವ ಹಾಗೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ತಲೆ ಕುಟ್ಟಿದವು.

ಪುಟ್ಟಮಲ್ಲಮ್ಮ ಹೊರಗೆ ಓಡಿಬಂದಳು. "ಅಯ್ಯೋ ನನ್ನವ್ವ! ಬಂದ್ಯಾ! ತಡಿ ತಡಿ, ತಗೀತೀನಿ!" ಎಂದು ಕೂಗಿ, ಹುಳಗಳ ನಡುವೆಯೇ ಕೈ ತೂರಿಸಿ ಗೋಡೆ ಕೆರೆಯತೊಡಗಿದಳು. ಯಾವ ಕಡೆ ತೂತಿತ್ತೆಂಬುದೇ ಆ ಗಾಬರಿಯಲ್ಲಿ ಅವಳಿಗೆ ಮರೆತುಹೋಗಿತ್ತು.

ಕುಳ್ಳಮ್ಮನ ಕಾಲು ತಾವಾಗಿಯೇ ಎದ್ದವು. "ಅಲ್ಲಲ್ಲ ಕಣಕ್ಕ, ಇಲ್ಲಿ! ಗೂಟದಿಂದ ಈಚೆಗೆ!" ಎಂದು ಕೂಗುತ್ತ ಬೀದಿ ದಾಟಿದಳು. ಇಬ್ಬರೂ ಸೇರಿ ಉಗುರಿನಿಂದ ಕೆರೆದರು. ಮೇಲಿನ ಪದರ ಮೆತ್ತಗೆ ಬಂತು, ಕೆಳಗಿನ ಹಳೆಯ ಮಣ್ಣು ಕಲ್ಲಾಗಿತ್ತು. ಚಲುವಯ್ಯ ಕುಡುಗೋಲು ತಂದುಕೊಟ್ಟ. ಅದರ ಮೂತಿಯಿಂದ ಕುಟ್ಟಿ ತೂತು ತೆರೆಯುವ ಹೊತ್ತಿಗೆ ಗುಂಯ್ ಎಂಬ ಸದ್ದು ತಲೆಯ ಮೇಲಕ್ಕೆ ಹೋಗಿತ್ತು. ಹಿಂಡು ಒಂದು ಸುತ್ತು ಹಾಕಿ, ಹೊಳೆ ದಾಟಿ, ವೀರನಹೊಸಹಳ್ಳಿಯ ಕಾಡಿನ ದಿಕ್ಕಿಗೆ ಸಣ್ಣ ಮೋಡದ ಹಾಗೆ ಹೋಯಿತು. ಹುಣಿಸೆತೋಪಿನ ಆಚೆ ಅದೂ ಕಾಣದಾಯಿತು.

ಇಬ್ಬರೂ ಗೋಡೆಗೆ ಒರಗಿ ಕೂತರು. ಕೈ ತುಂಬ ಕೆಮ್ಮಣ್ಣು. ಪುಟ್ಟಮಲ್ಲಮ್ಮನ ಹುಬ್ಬು ಊದುತ್ತಿತ್ತು.

"ಗೂಟದಿಂದ ಈಚೆಗೆ ಅಂತ ನಿಂಗೆ ಎಂಗೆ ಗೊತ್ತಾಯ್ತೆ?" ಎಂದು ಅವಳು ಕೇಳಿದಳು.

"ನೋಡ್ತಿದ್ದೆ. ಹುಳ ಮನೆ ನೋಡಕ್ಕೆ ಬತ್ತಿದ್ವು. ಬಿರುಕಲ್ಲಿ."

"ಯಾವಾಗಿಂದ?"

"ನಾಕಾರು ದಿನ ಆಯ್ತು."

ಪುಟ್ಟಮಲ್ಲಮ್ಮ ಅವಳ ಮುಖವನ್ನೇ ನೋಡಿದಳು. ಬೈಯುತ್ತಾಳೆಂದು ಕುಳ್ಳಮ್ಮ ಕಾದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ನೆನ್ನೆ ಸಾರಿಸುವಾಗ್ಲೂ ನೋಡ್ತಿದ್ಯಾ?"

"ಅಕ್ಕ ಅಂದೆ. ನಿಮ್ಗೆ ಕೇಳ್ನಿಲ್ಲ."

"ಎಲ್ಡನೇ ಸಲ ಕೂಗಬಾರ್ದಾಗಿತ್ತಾ ಕುಳ್ಳಿ" ಎಂದಳು ಪುಟ್ಟಮಲ್ಲಮ್ಮ, ಬಹಳ ಮೆತ್ತಗೆ. ಆ ದೊಡ್ಡ ದನಿ ಅಷ್ಟು ಸಣ್ಣದಾದದ್ದನ್ನು ಕುಳ್ಳಮ್ಮ ಹಿಂದೆಂದೂ ಕೇಳಿರಲಿಲ್ಲ. "ನಾನೂ ಒಂದ್ಸಲ ಕೂಗ್ಬೌದಾಗಿತ್ತು ಬುಡು. ನಂಗೆ ಬಾಯಿ ಇರ್ನಿಲ್ವಾ?"

ಆಗ ಕುಳ್ಳಮ್ಮ ಆ ಹಳೆಯ ತಟ್ಟೆಯ ಮಾತು ಹೇಳಿದಳು. ಅಂಗೈಯಗಲದ ತಟ್ಟು, ಅರಿಶಿನ ಕುಂಕುಮ, ಮಡಿಸೀರೆ, ಬಾಗಿಲಲ್ಲಿ ನಿಂತ ಗಾಡಿ. ಹೇಳಿ ಮುಗಿಯಲು ಹೆಚ್ಚು ಹೊತ್ತೇ ಹಿಡಿಯಲಿಲ್ಲ. ಇಷ್ಟು ಚಿಕ್ಕ ಮಾತನ್ನು ಇಷ್ಟು ಕಾಲ ಹೊತ್ತಿದ್ದೆನೇ ಎಂದು ಅವಳಿಗೇ ನಾಚಿಕೆಯಾಯಿತು.

"ಗೊತ್ತಿತ್ತು ಕಣೆ" ಎಂದಳು ಪುಟ್ಟಮಲ್ಲಮ್ಮ. "ಕುಂಕುಮ ನೋಡ್ದಾಗ್ಲೇ ಗೊತ್ತಾಯ್ತು. ಅದ್ನ ನೀನೇ ಬಾಯಿಬುಟ್ಟು ಏಳ್ಲಿ ಅಂತ ಕಾದೆ."

ಯುಗಾದಿ ಕಳೆದ ಮೇಲೆ ಕುಳ್ಳಮ್ಮ ಹಲಗೆ ತೆಗೆದಳು. ಹಿಂಡು ಹೋದರೂ ಗೂಡಿನಲ್ಲಿ ಉಳಿದ ಹುಳಗಳು ಹೊಸ ತಾಯಿಹುಳದ ಸುತ್ತ ಸಂಸಾರ ಹೂಡಿದ್ದವು. ಅಂಚಿನಿಂದ ಒಂದು ಸಣ್ಣ ತಟ್ಟು ಕುಯ್ದು ಅದೇ ಕಂಚಿನ ತಟ್ಟೆಯಲ್ಲಿಟ್ಟಳು. ಈ ಸಲ ತಟ್ಟೆಯಲ್ಲಿ ಕುಂಕುಮವಿರಲಿಲ್ಲ. ಕುಂಕುಮ ಹೊತ್ತುಕೊಂಡು ಹೋಗುವ ಮುತ್ತೈದೆಯ ಕೈ ಈಗ ಅವಳದಾಗಿರಲಿಲ್ಲ.

ಎದುರುಮನೆಯಲ್ಲಿ ಪುಟ್ಟಮಲ್ಲಮ್ಮ ಬೆರಳು ಅದ್ದಿ ಬಾಯಿಗಿಟ್ಟು ಕಣ್ಣು ಮುಚ್ಚಿದಳು. "ಹೊಂಗೇದು. ವಸಿ ಒಗರು" ಎಂದಳು. ಆಮೇಲೆ, ತಟ್ಟೆ ಬರಿದೇ ಹೋಗಬಾರದೆಂದು ಎದ್ದು ಒಳಗಿನ ಗೋಡೆಯ ಕಡೆಗೆ ನಡೆದಳು. ಖಾಲಿ ಮಡಕೆಯ ಹಲಗೆಯ ಪಕ್ಕದಲ್ಲಿ ಒಂದು ಗೂಟ. ಗೂಟದಲ್ಲಿ ದಾರಕ್ಕೆ ಪೋಣಿಸಿದ ಹಸಿರು ಗಾಜಿನ ಬಳೆಗಳು, ಮೇಲೆಲ್ಲ ಹೊಗೆಯ ಮಸಿ. ಎಂದಿನಿಂದ ಅಲ್ಲಿವೆಯೆಂದು ಮಸಿಯೇ ಹೇಳುತ್ತಿತ್ತು. ಮುಂಗಾರು ಕೈಕೊಟ್ಟ ಆ ವರ್ಷ ತಟ್ಟೆ ಹೊತ್ತು ಬರುವವಳಿಗೆ ತೊಡಿಸಲೆಂದು ತಂದಿಟ್ಟ ಬಳೆ. ಪುಟ್ಟಮಲ್ಲಮ್ಮನ ಕೈ ಅಭ್ಯಾಸಬಲದಿಂದ ಅದರ ತನಕ ಹೋಯಿತು. ಹೋಗಿ ನಿಂತಿತು.

ಕುಳ್ಳಮ್ಮ ತನ್ನ ಎರಡು ಕೈಗಳನ್ನೂ ಸೆರಗಿನೊಳಗೆ ಎಳೆದುಕೊಂಡಳು.

ಪುಟ್ಟಮಲ್ಲಮ್ಮ ತಿರುಗಿ, ಮೂಲೆಯ ಗುಡಾಣದಿಂದ ಒಂದು ಬೊಗಸೆ ರಾಗಿ ತಂದು ತಟ್ಟೆಗೆ ಸುರಿದು, ಮೇಲೊಂದು ತುಂಡು ಬೆಲ್ಲ ಇಟ್ಟಳು. "ಓಗ್ಬತ್ತೀಯಾ ಬೀಗಿತ್ತಿ?" ಎಂದಳು. ಇಬ್ಬರೂ ನಗಲು ನೋಡಿದರು.

ಆ ವರ್ಷವೆಲ್ಲ ಬೀದಿಯ ಗೋಡೆಯ ತೂತು ತೆರೆದೇ ಇತ್ತು. ಅದರ ಸುತ್ತ ನಾಲ್ಕು ಕೈಗಳ ಉಗುರಿನ ಗೀರು ಹಾಗೆಯೇ ಒಣಗಿ ನಿಂತವು. ಯಾರೂ ಅದನ್ನು ಮತ್ತೆ ಸಾರಿಸಲಿಲ್ಲ. ಹುಳ ಬರಲಿಲ್ಲ. ಮಳೆಗಾಲ ಕಳೆದು ಹುಚ್ಚೆಳ್ಳು ಹೂಬಿಟ್ಟ ಒಂದು ಬೆಳಿಗ್ಗೆ ನೀರಿಗೆ ಹೊರಟ ಕುಳ್ಳಮ್ಮ ನೋಡಿದಾಗ ತೂತಿನ ಬಾಯಲ್ಲಿ ಜೇಡ ಬಲೆ ಕಟ್ಟಿತ್ತು. ಅವಳು ಬಿಂದಿಗೆ ಕೆಳಗಿಟ್ಟು, ಸೆರಗಿನ ತುದಿಯಿಂದ ಬಲೆಯನ್ನು ಒರೆಸಿ ತೆಗೆದಳು. ಆಮೇಲೆ ಬಾಗಿಲ ಕಡೆ ತಿರುಗಿ, ಒಳಗಿನವರಿಗೆ ಕೇಳುವಷ್ಟು ಗಟ್ಟಿಯಾಗಿ, "ಅಕ್ಕಾ, ನೀರಿಗೆ ಬತ್ತೀರಾ?" ಎಂದು ಕೂಗಿದಳು. ಉತ್ತರ ಬರುವುದು ಕೊಂಚ ತಡವಾಯಿತು. ಅವಳು ಎರಡನೆಯ ಸಲವೂ ಕೂಗಿದಳು.